ಎರಡು ಹಸಿರು ಬಿಲ್ಲೆ

ಮೂಗೇಶಣ್ಣನ ಮೂಗು ಸತ್ತುಹೋಗಿತ್ತು. ಈ ವಿಷಯ ಗೊತ್ತಿದ್ದುದು ಅವನಿಗೆ ಮತ್ತು ಒಬ್ಬ ಡಾಕ್ಟರಿಗೆ ಮಾತ್ರ. ಆ ಡಾಕ್ಟರು "ಜ್ವರದಲ್ಲಿ ಹೋಗಿದ್ದು, ಬಂದ್ರೆ ಬರಬಹುದು, ಬರದಿದ್ರೆ ಇಲ್ಲ" ಎಂದು ಹೇಳಿ ಮುಂದಿನ ರೋಗಿಯನ್ನು ಕರೆದಿದ್ದರು. ಬೇರೆ ಯಾರ ಮೂಗು ಹೋಗಿದ್ದರೂ ಅಂಥ ಅನಾಹುತವೇನೂ ಆಗುತ್ತಿರಲಿಲ್ಲ. ಗುಮಾಸ್ತನಿಗೆ ಮೂಗು ಯಾತಕ್ಕೆ? ದರ್ಜಿಗೆ ಯಾತಕ್ಕೆ? ಆದರೆ ಮೂಗೇಶಣ್ಣ ಹಾಲಿನ ಡೈರಿಯಲ್ಲಿ ಕ್ಯಾನು ಮೂಸಿ ನೋಡುವವನು. ಬೆಳಗಾದರೆ ಲಾರಿಗಳಿಂದ ಕ್ಯಾನುಗಳು ಕಟ್ಟೆಯ ಮೇಲೆ ಇಳಿಯುತ್ತವೆ. ಅವನು ಒಂದೊಂದರ ಮುಚ್ಚಳ ಎತ್ತಿ, ಬಗ್ಗಿ, ಒಂದು ಉಸಿರು ಎಳೆದು "ಹ್ಞೂಂ" ಅಂದರೆ ಹಾಲು ಟ್ಯಾಂಕಿಗೆ, "ಊಹ್ಞೂಂ" ಅಂದರೆ ಪಕ್ಕಕ್ಕೆ. ಕೆಟ್ಟ ಹಾಲು ಒಂದು ಕ್ಯಾನು ಸೇರಿದರೂ ಸಾಕು, ಕಾಯಿಸುವಾಗ ಇಡೀ ಟ್ಯಾಂಕು ಒಡೆದುಹೋಗುತ್ತದೆ. ಅಂಥ ಕಡೆ ಅವನ ಮೂಗು ಒಂದು ದಿನವೂ ತಪ್ಪಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದು, ಉಳಿದೆಲ್ಲ ಕಡೆ ಮೂಗೇಶಣ್ಣ ಎಂದೇ ಆಗಿದ್ದ.

ಜ್ವರ ಬಿಟ್ಟ ಮೇಲೆ ಅವನು ದಿನ ದೂಡುತ್ತಿದ್ದುದು ಕಳ್ಳತನದಿಂದ. ಬೆನ್ನು ಅಡ್ಡ ಹಿಡಿದು, ಕಿರುಬೆರಳನ್ನು ಹಾಲಿಗೆ ತಾಗಿಸಿ, ಮೀಸೆ ಒರೆಸಿಕೊಳ್ಳುವವನ ಹಾಗೆ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಅಂಗೈಯಿಂದ ಕ್ಯಾನಿನ ಹೊಟ್ಟೆ ಸವರಿ ಬಿಸಿ ನೋಡುತ್ತಿದ್ದ. ಲಾರಿಯವನು ಮುಖ ಕೊಟ್ಟು ಮಾತಾಡುತ್ತಾನೋ, ಆಕಾಶ ನೋಡುತ್ತಾನೋ ಎಂದು ಗಮನಿಸುತ್ತಿದ್ದ. ಆದರೆ ನಾಲಿಗೆಗೆ ಹುಳಿ ಗೊತ್ತಾಗುವಷ್ಟರಲ್ಲಿ ಹಾಲು ಪೂರ್ತಿ ಕೆಟ್ಟಿರುತ್ತದೆ. ಕೆಡಲು ಈಗಷ್ಟೇ ಶುರುವಾದದ್ದನ್ನು ಹಿಡಿಯುವುದು ಮೂಗು ಒಂದೇ. ಹಾಗಾಗಿ ಅನುಮಾನ ಬಂದದ್ದನ್ನೆಲ್ಲ "ಊಹ್ಞೂಂ" ಅಂದುಬಿಡುತ್ತಿದ್ದ. ಒಳ್ಳೆಯ ಹಾಲು ಎಷ್ಟು ವಾಪಸು ಹೋಯಿತೋ ದೇವರಿಗೇ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ಇವನು ಕಣ್ಣು ಬಿಟ್ಟುಕೊಂಡೇ ಆ ಕೆಲಸ ಮಾಡುತ್ತಿದ್ದ.

ಮನೆಯಲ್ಲೂ ಅಷ್ಟೇ. ಒಂದು ಸಂಜೆ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗುವ ತನಕ ಅವನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತ ಕೂತಿದ್ದ. ಹೆಂಡತಿ ಮಹಡಿಯಿಂದ ಓಡಿಬಂದು, "ಊರಿಗೆಲ್ಲ ಮೂಗು ಬಾಡಿಗೆ ಕೊಡ್ತೀರಿ, ಮನೆಗೆ ಮಾತ್ರ ಇಲ್ವಾ?" ಎಂದು ಬೈದಳು. ಅವನು ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಸೋಪನ್ನು ಮೂಗಿಗೆ ಒತ್ತಿ ಹಿಡಿದು, ಏನೂ ಸಿಗದೆ ಅತ್ತ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ತಲೆ ನೆರೆತವನಿಗೆ ಇನ್ನೊಂದು ಕಡೆ ಕೆಲಸ ಕೊಡುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಮೂಗೇ ಇಲ್ಲದ ಮೂಗೇಶ ಎಂದು ಡೈರಿಯ ಗೋಡೆಗಳೂ ನಗುತ್ತವೆ. ಅದನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಹೊಸ ಮ್ಯಾನೇಜರಮ್ಮ ಬಂದಳು.

ಡೈರಿಯಲ್ಲಿ ಜನ ನಿಲ್ಲುತ್ತಿರಲಿಲ್ಲ. ಅದರಲ್ಲೂ ಕ್ಯಾನು ತೊಳೆಯುವ ಶೆಡ್ಡಿಗೆ ಸೇರಿದವರು ಬಟ್ಟೆ ಬದಲಾಯಿಸಿದ ಹಾಗೆ ಬದಲಾಗುತ್ತಿದ್ದರು. ತೊಳೆಯುವ ಸೋಡಾ ಬೆರೆಸಿದ ಬಿಸಿನೀರು, ಬೆಳಗಿನಿಂದ ಸಂಜೆಯ ತನಕ ಅದೇ ಬ್ರಷ್ಷು, ಅದೇ ಬಗ್ಗಿದ ಬೆನ್ನು. ಬಿಡದೆ ಉಳಿದವರ ಅಂಗೈ ನೋಡಿದರೆ ಒಡೆದ ಗೋಡೆ ನೆನಪಾಗುತ್ತಿತ್ತು. ಮ್ಯಾನೇಜರಮ್ಮ ಮೊದಲ ವಾರ ಯಾರ ಜೊತೆಗೂ ಹೆಚ್ಚು ಮಾತಾಡದೆ ಶೆಡ್ಡಿನಲ್ಲಿ ನಿಂತು ನೋಡಿದಳು, ಒಂದು ದಿನ ತಾನೇ ಬ್ರಷ್ಷು ಹಿಡಿದಳು. ಆಮೇಲೆ ಎಲ್ಲರನ್ನೂ ಕಟ್ಟೆಯ ಮೇಲೆ ಸೇರಿಸಿ ಹೇಳಿದಳು:

"ಇನ್ಮೇಲೆ ಒಬ್ಬರೇ ಜನ್ಮಪೂರ್ತಿ ಒಂದೇ ಕೆಲಸಕ್ಕೆ ಅಂಟ್ಕೊಳ್ಳೋದು ಬೇಡ. ಜೋಡಿ ಮಾಡ್ತೀನಿ. ಒಬ್ಬರ ಕೆಲಸ ಇನ್ನೊಬ್ಬರು ಕಲೀಬೇಕು. ಕೈಗೂ ಬಿಡುವು ಸಿಗುತ್ತೆ, ಒಬ್ಬರು ರಜಾ ಹಾಕಿದ್ರೆ ಕೆಲಸಾನೂ ನಿಲ್ಲಲ್ಲ. ಹಾಲೂ ಕಮ್ಮಿ ಹಾಳಾಗುತ್ತೆ. ಹೇಗೆ ಮಾಡಬೇಕು ಅನ್ನೋದನ್ನ ನೀವೇ ಕೂತು ಮಾತಾಡ್ಕೊಳ್ಳಿ."

ಹಳೆಯ ಸೂಪರ್‌ವೈಸರು ಹಿಂದೆ ನಿಂತು ಗೊಣಗಿದ: "ಮೂಗಿಗಿಂತ ಮೂಗುತಿ ಭಾರ ಆಯ್ತು."

ಮೂಗು ಎಂದ ಕೂಡಲೇ ಮೂಗೇಶಣ್ಣ ಬೆಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಇವನ ಕೈ ತಾನಾಗಿ ಮೂಗಿನ ಮೇಲೆ ಹೋಯಿತು.

ಅವನ ಜೋಡಿಗೆ ಬಂದವಳು ಪುಟ್ಟಕ್ಕ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು, ಕೈ ಎಲ್ಲರಿಗಿಂತ ಹೆಚ್ಚು ಸುಟ್ಟಿದ್ದವಳು. ಮೇಲಾಗಿ ಅವನ ಸ್ವಂತ ತಮ್ಮನ ಹೆಂಡತಿ. ಒಂದೇ ಮನೆ, ಎರಡು ಒಲೆ, ಒಂದೇ ಬಾಗಿಲು. ಅವಳು ಮದುವೆಯಾಗಿ ಬಂದಾಗಿನಿಂದ ಅವನನ್ನು "ಭಾವ" ಎನ್ನುವುದು ಬಿಟ್ಟರೆ ಎದುರಿಗೆ ನಿಂತು ನಾಲ್ಕು ಮಾತಾಡಿದವಳಲ್ಲ. ಅವನು ಒಳಗೆ ಬಂದರೆ ಕುರ್ಚಿಯಿಂದ ಏಳುತ್ತಿದ್ದಳು. ಅವಳು ಕೊಟ್ಟ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅವನು ಅಂದರೆ, ಆಗಿರದಿದ್ದರೂ "ಹೌದು ಭಾವ" ಅನ್ನುವವಳು. ಆದರೆ ಅವಳ ಮೂಗು ಮಾತ್ರ ಸೂಜಿಯ ಹಾಗಿತ್ತು. ಇಷ್ಟು ವರ್ಷ ಖಾಲಿ ಕ್ಯಾನುಗಳ ತಳ ಮೂಸಿದವಳಿಗೆ ಕೆಟ್ಟ ಹಾಲೆಂದರೆ ಏನು ಎಂದು ಯಾರೂ ಕಲಿಸಬೇಕಾಗಿರಲಿಲ್ಲ.

ಮೂಸುವ ಕೆಲಸಕ್ಕೆ ಮ್ಯಾನೇಜರಮ್ಮ ಒಂದು ಹೊಸ ಪದ್ಧತಿ ತಂದಳು. ನಡುವೆ ಹಲಗೆ ಹಾಕಿದ ಒಂದು ಮರದ ಪೆಟ್ಟಿಗೆ. ಇಬ್ಬರ ಕೈಯಲ್ಲೂ ಹಸಿರು ಬಿಲ್ಲೆ, ಕೆಂಪು ಬಿಲ್ಲೆ. ಇಬ್ಬರೂ ಕ್ಯಾನು ಮೂಸಿ, ಮಾತಿಲ್ಲದೆ ತಮ್ಮ ತಮ್ಮ ಕಡೆ ಒಂದು ಬಿಲ್ಲೆ ಹಾಕಬೇಕು. ಹಾಲು ಸುರಿಯುವವನು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುತ್ತಾನೆ. ಎರಡೂ ಹಸಿರಾದರೆ ಟ್ಯಾಂಕಿಗೆ, ಎರಡೂ ಕೆಂಪಾದರೆ ಪಕ್ಕಕ್ಕೆ. ಬೇರೆ ಬೇರೆಯಾದರೆ ಲ್ಯಾಬಿಗೆ. ಒಂದು ತಿಂಗಳು ಸರಿಯಾಗಿ ನಡೆದರೆ ಪುಟ್ಟಕ್ಕನಿಗೆ ಮೂಸುವವಳ ಹುದ್ದೆ, ಶೆಡ್ಡಿನಿಂದ ಬಿಡುಗಡೆ.

ಪೆಟ್ಟಿಗೆ ನೋಡಿದ ದಿನ ಮೂಗೇಶಣ್ಣನ ಜೀವ ಬಾಯಿಗೆ ಬಂದಿತ್ತು. ಬೆರಳು ಅದ್ದಲು ಇನ್ನು ಬೆನ್ನು ಅಡ್ಡ ಹಿಡಿಯುವ ಹಾಗಿಲ್ಲ, ಎದುರಿಗೇ ಒಬ್ಬಳು ನಿಂತಿರುತ್ತಾಳೆ. ಮೊದಲ ಕ್ಯಾನಿಗೆ ಬಗ್ಗಿದ. ಎಂದಿನಂತೆ ಶೂನ್ಯ. ತಲೆ ಎತ್ತದೆ ಕಣ್ಣು ಮಾತ್ರ ಎತ್ತಿ ಅವಳ ಮುಖ ನೋಡಿದ. ಶಾಂತವಾಗಿತ್ತು. ಹಸಿರು ಹಾಕಿದ. ಅವಳದ್ದೂ ಹಸಿರು. ಆರೇಳು ಕ್ಯಾನು ಆದ ಮೇಲೆ ಒಂದಕ್ಕೆ ಅವಳ ಹುಬ್ಬು ತುಸು ಗಂಟಿಕ್ಕಿತು. ಕೆಂಪು ಹಾಕಿದ. ಅವಳದ್ದೂ ಕೆಂಪು!

ಅಯ್ಯೋ, ಇಷ್ಟೇನಾ! ಎಂದು ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಸತ್ತ ಮೂಗಿಗೆ ಬದಲು ಅವಳ ಮುಖ ಸಿಕ್ಕಿತ್ತು. ಹುಬ್ಬು ಗಂಟಿಕ್ಕಿದರೆ ಕೆಂಪು, ಇಲ್ಲದಿದ್ದರೆ ಹಸಿರು. ಆ ವಾರ ಪೂರ್ತಿ ಒಂದು ಬಿಲ್ಲೆಯೂ ಬೇರೆಯಾಗಲಿಲ್ಲ. ವಾಪಸು ಹೋಗುವ ಕ್ಯಾನು ಕಡಿಮೆಯಾದವು. ಮ್ಯಾನೇಜರಮ್ಮ ಹಿಗ್ಗಿಹೋದಳು. ದೊಡ್ಡ ಆಫೀಸಿನವರನ್ನು ಕರೆತಂದು ತೋರಿಸಿದಳು: "ನೋಡಿ, ಗುರು ಶಿಷ್ಯೆ ಇಬ್ಬರೂ ಒಂದೇ ಉಸಿರು." ಪುಟ್ಟಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅವಳ ಅಂಗೈಯ ಬಿರುಕುಗಳು ಕೂಡಿಕೊಳ್ಳುತ್ತಿದ್ದವು. ಮನೆಯಲ್ಲಿ ಮೊದಲ ಸಲ ಅವಳು ಕೈಗೆ ಬಟ್ಟೆ ಸುತ್ತಿಕೊಳ್ಳದೆ ಪಾತ್ರೆ ತೊಳೆದದ್ದನ್ನು ಮೂಗೇಶಣ್ಣನೇ ಕಂಡಿದ್ದ.

ಎರಡನೆಯ ವಾರದಲ್ಲಿ ಟ್ಯಾಂಕು ಒಡೆಯಿತು.

ಕಾಯಿಸುವ ಮನೆಯಿಂದ ಕೂಗು ಬಂದಾಗ ಅವನು ಕಟ್ಟೆ ತೊಳೆಸುತ್ತಿದ್ದ. ಓಡಿಹೋಗಿ ನೋಡಿದರೆ ಗಾಜಿನ ಕಿಂಡಿಯೊಳಗೆ ಹಾಲು ಹಿಟ್ಟುಹಿಟ್ಟಾಗಿ, ನೀರೇ ಬೇರೆ, ಗಂಟೇ ಬೇರೆಯಾಗಿ ತಿರುಗುತ್ತಿತ್ತು. ಒಂದು ಬೆಳಗಿನ ಹಾಲೆಲ್ಲ ಮೋರಿಗೆ. ಲ್ಯಾಬಿನವರು ತನಿಖೆಗೆಂದು ಒಂದು ಕ್ಯಾನು ತುಂಬಿ, ಮುಚ್ಚಳ ಬಿಗಿದು, ಕಟ್ಟೆಯ ಮೂಲೆಯಲ್ಲಿ ಇಟ್ಟರು. ಸೂಪರ್‌ವೈಸರು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಒಂದು ಮೂಗಿದ್ದಾಗ ಒಡೀಲಿಲ್ಲ, ಎರಡು ಮೂಗು ಆದ್ಮೇಲೆ ಒಡೀತು. ಇನ್ನೊಂದ್ಸಲ ಹಿಂಗಾದ್ರೆ ಈ ಪೆಟ್ಟಿಗೆ ಒಲೆಗೆ, ಎಲ್ರೂ ಅವರವರ ಹಳೇ ಜಾಗಕ್ಕೆ. ದೊಡ್ಡ ಆಫೀಸಿಂದ ಫೋನ್ ಬಂದಾಯ್ತು." ಮ್ಯಾನೇಜರಮ್ಮ ಎದುರು ಮಾತಾಡಲಿಲ್ಲ. ಅಂದರೆ ಅದು ನಿಜ.

ಮೂಗೇಶಣ್ಣನಿಗೆ ಅರ್ಥವೇ ಆಗಲಿಲ್ಲ. ಅವಳ ಮುಖ ತಪ್ಪಿದ್ದು ಹೇಗೆ?

ಕೆಲಸ ಮುಗಿದ ಮೇಲೆ ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ಹೋಗುವವರು, ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಸೈಕಲ್ ರಿಪೇರಿ ಅಂಗಡಿ ದಾಟಿದ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು.

"ಭಾವ, ನನ್ನಿಂದ ತಪ್ಪಾಯ್ತು."

ಅವನು ನಿಂತ.

"ಆ ನೀಲಿ ಲಾರಿಯ ಕೊನೇ ಕ್ಯಾನು... ನಂಗೆ ಒಂಚೂರು ಹಳಸಲು ಅನ್ನಿಸ್ತು. ಕೆಂಪು ಬಿಲ್ಲೆ ಕೈಗೂ ತಗೊಂಡಿದ್ದೆ. ಆಮೇಲೆ ನಿಮ್ಮ ಮುಖ ನೋಡ್ದೆ. ನೀವು ಆರಾಮಾಗಿದ್ರಿ. ಭಾವನ ಮೂಗಿಗೆ ಸರಿ ಅನ್ನಿಸಿದ್ದು ನಂಗ್ಯಾಕೆ ಕೆಟ್ಟದ್ದು ಅನ್ನಿಸ್ತಿದೆ, ನಂದೇ ಭ್ರಮೆ ಅಂದ್ಕೊಂಡು ಹಸಿರು ಹಾಕ್ದೆ."

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಮೂಗೇಶಣ್ಣನ ಕಾಲ ಕೆಳಗಿನ ನೆಲ ಮಾತ್ರ ಕುಸಿದಿತ್ತು. ಅವನು ಆರಾಮಾಗಿದ್ದುದು ಅವಳ ಮುಖ ಕಾಯುತ್ತಿದ್ದುದಕ್ಕೆ. ಅವಳ ಹುಬ್ಬು ಗಂಟಿಕ್ಕದೆ ಉಳಿದದ್ದು ಅವನ ಮುಖ ನೋಡಿದ್ದಕ್ಕೆ. ಕುರುಡನ ಕೈ ಹಿಡಿದು ಕಣ್ಣಿದ್ದವಳು ಹಳ್ಳಕ್ಕೆ ಬಿದ್ದಿದ್ದಳು, ಅದೂ ಮರ್ಯಾದೆಗಾಗಿ.

ಹೇಳಿಬಿಡಬೇಕು ಎಂದು ಬಾಯಿ ತೆರೆದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ಹೊರಬಿದ್ದದ್ದು ಅರ್ಧ ಮಾತ್ರ.

"ನಾಳೆಯಿಂದ ನನ್ನ ಮುಖ ನೋಡಬೇಡಮ್ಮ. ನಿನ್ನ ಮೂಗು ಏನು ಹೇಳುತ್ತೋ ಅದನ್ನೇ ಹಾಕು. ನಾನು ಏನೇ ಹಾಕಲಿ."

"ಅದು ಹೇಗಾಗುತ್ತೆ ಭಾವ?"

"ಆಗುತ್ತೆ. ನಾನು ಹೇಳ್ತಿದೀನಿ ಅಲ್ವಾ?"

"ಹೌದು ಭಾವ," ಎಂದಳು, ಸಾರಿನ ಉಪ್ಪಿಗೆ ಹೇಳುತ್ತಿದ್ದ ಹಾಗೆಯೇ. ಅವನು ಹೆಜ್ಜೆ ಹಾಕಿದ. ಅರ್ಧ ನಿಜ ಹೇಳಿದ್ದರಿಂದ ಅರ್ಧ ಹಗುರವಾಗಬೇಕಿತ್ತು. ಎದೆ ಇನ್ನಷ್ಟು ಭಾರವಾಯಿತು. ಹೇಡಿಗಳ ಲೆಕ್ಕವೇ ಹಾಗೆ, ಅದು ಎಂದೂ ಕೂಡಿಬರುವುದಿಲ್ಲ.

ಮರುದಿನ ಅವನ ಉಪಾಯ ಸರಳವಾಗಿತ್ತು. ಎಲ್ಲಕ್ಕೂ ಹಸಿರು ಹಾಕುವುದು. ಅವಳು ಕೆಂಪು ಹಾಕಿದರೆ ಬಿಲ್ಲೆ ಬೇರೆಯಾಗುತ್ತದೆ, ಕ್ಯಾನು ಲ್ಯಾಬಿಗೆ ಹೋಗುತ್ತದೆ, ಲ್ಯಾಬು ಹಿಡಿಯುತ್ತದೆ. ಯಾರಿಗೂ ತೊಂದರೆಯಿಲ್ಲ. ಅವನ ಗುಟ್ಟೂ ಉಳಿಯುತ್ತದೆ. ಅರ್ಧ ಬೆಳಗು ಕಳೆಯುವ ತನಕ ಎರಡೂ ಕಡೆ ಹಸಿರೇ ಬಿತ್ತು. ಮ್ಯಾನೇಜರಮ್ಮ ಕಟ್ಟೆಯ ಮೇಲೇ ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ. ಸೂಪರ್‌ವೈಸರು ಕೈಕಟ್ಟಿ ಕಂಬಕ್ಕೆ ಒರಗಿದ್ದ.

ನೀಲಿ ಲಾರಿ ಬಂತು. ಅದರ ಡ್ರೈವರು ಬಾಯಿಬಡುಕ. ಇಳಿಯುವ ಮೊದಲೇ, "ಬೇಗ ಬೇಗ ಮುಗಿಸ್ರಪ್ಪ, ಬಿಸಿಲು ಏರ್ತಿದೆ," ಎಂದು ಶುರುಮಾಡಿದ. ಕ್ಯಾನುಗಳು ಇಳಿದವು. ಒಂದು, ಇನ್ನೊಂದು, ಮತ್ತೊಂದು. ಆಮೇಲೆ ಒಂದರ ಮೇಲೆ ಪುಟ್ಟಕ್ಕ ಬಗ್ಗಿದವಳು ಏಳಲಿಲ್ಲ. ಮತ್ತೊಮ್ಮೆ ಉಸಿರು ಎಳೆದಳು. ಮೂಗೇಶಣ್ಣ ನೆಲ ನೋಡುತ್ತ ಹಸಿರು ಹಾಕಿ ಕೈ ಹಿಂದಕ್ಕೆ ತೆಗೆದುಕೊಂಡ. ಅವಳ ಬಿಲ್ಲೆ ಬಿದ್ದ ಸದ್ದಾಯಿತು.

ಮುಚ್ಚಳ ತೆಗೆದರು. ಒಂದು ಹಸಿರು, ಒಂದು ಕೆಂಪು.

"ಲ್ಯಾಬಿಗೆ," ಎಂದಳು ಮ್ಯಾನೇಜರಮ್ಮ.

"ಲ್ಯಾಬಿನವರು ನಿನ್ನೆ ಟ್ಯಾಂಕಿನ ತನಿಖೇಲಿ ಮುಳುಗಿದಾರೆ ಮೇಡಂ," ಸೂಪರ್‌ವೈಸರು ಕಂಬ ಬಿಟ್ಟು ಮುಂದೆ ಬಂದ. "ಗೇಟಿನ ತನಕ ಲಾರಿ ನಿಂತಿವೆ. ಇದಕ್ಕೆ ಕಾಯ್ತಾ ಕೂತ್ರೆ ಬಿಸಿಲಲ್ಲಿ ಅಷ್ಟೂ ಹಾಲು ಕೆಡುತ್ತೆ. ಆಮೇಲೆ ಅದನ್ನೂ ಫೋನಲ್ಲಿ ನೀವೇ ಹೇಳ್ಬೇಕು."

ಡ್ರೈವರು ನಕ್ಕ. "ಏನ್ರೀ ಇದು! ಮೂಗೇಶಣ್ಣ ಸರಿ ಅಂದ್ಮೇಲೆ ಕ್ಯಾನು ತೊಳೆಯೋರು ಬೇಡ ಅನ್ನೋದಾ? ಇನ್ನು ನಾಳೆ ನನ್ನ ಲಾರೀನ ಕ್ಲೀನರ್ ಹತ್ರ ಓಡಿಸಿ ಅಂತೀರೇನೋ."

ಪುಟ್ಟಕ್ಕನ ಮುಖ ಕೆಂಪಾಯಿತು. ಸೆರಗಿನ ತುದಿ ಹಿಡಿದು ಹಿಸುಕತೊಡಗಿದಳು. ಆದರೆ ಬಿಲ್ಲೆ ವಾಪಸು ತೆಗೆದುಕೊಳ್ಳಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಅವನು ಹೇಳಿದಂತೆ ನಡೆದುಕೊಂಡು ಒಂಟಿಯಾಗಿ ನಿಂತಿದ್ದಳು.

ಮ್ಯಾನೇಜರಮ್ಮ ಲಾರಿಗಳ ಸಾಲು ನೋಡಿದಳು, ಗಡಿಯಾರ ನೋಡಿದಳು. ಆಮೇಲೆ ಸೋತ ದನಿಯಲ್ಲಿ, "ನೀವೇ ಹೇಳಿ. ನೀವು ಖಾತ್ರಿ ಕೊಟ್ರೆ ಸುರೀತೀವಿ," ಎಂದು ಮೂಗೇಶಣ್ಣನ ಕಡೆ ತಿರುಗಿದಳು.

ಎಲ್ಲರ ಕಣ್ಣೂ ಅವನ ಮೇಲೆ. ತಕ್ಷಣ ಒಂದು ಸಂದು ಕಂಡಿತು, ಅದರಲ್ಲೇ ನುಸುಳಿದ. "ನಾನು ಸರಿಯಾಗಿ ನೋಡ್ಲಿಲ್ಲ ಮೇಡಂ. ಅವಳು ಹೇಳಿದ್ದೇ ಸರಿ. ಪಕ್ಕಕ್ಕಿಡಿ."

"ಭೇಷ್!" ಎಂದ ಸೂಪರ್‌ವೈಸರು. "ತಮ್ಮನ ಹೆಂಡ್ತಿ ಅಂತ ಬಿಟ್ಕೊಡ್ತಿದೀರಾ? ಯಾವತ್ತಾದ್ರೂ ಒಂದು ಕ್ಯಾನನ್ನ ಸರಿಯಾಗಿ ನೋಡದೆ ಬಿಟ್ಟಿದೀರಾ ನೀವು? ಮೇಡಂ, ಇವತ್ತು ಒಳ್ಳೇ ಹಾಲು ವಾಪಸು ಕಳಿಸ್ತಾರೆ, ನಿನ್ನೆ ಕೆಟ್ಟದ್ದನ್ನ ಒಳಗೆ ಬಿಟ್ಟಿದಾರೆ. ಅಣ್ಣತಮ್ಮಂದಿರ ಮನೆ ವ್ಯವಹಾರ ಆಗೋಯ್ತು ಇದು. ಆ ಹೆಂಗಸನ್ನ ವಾಪಸು ಶೆಡ್ಡಿಗೆ ಕಳಿಸಿ, ಎಲ್ಲಾ ಸರಿಹೋಗುತ್ತೆ. ಏಯ್, ಸುರಿಯೋ ಅದನ್ನ!"

ಸುರಿಯುವವನು ಕ್ಯಾನಿನ ಹಿಡಿಕೆಗೆ ಕೈ ಹಾಕಿದ. ಮ್ಯಾನೇಜರಮ್ಮ ತಡೆಯಲಿಲ್ಲ. ಕ್ಯಾನು ಓರೆಯಾಯಿತು.

"ನಿಲ್ಸೋ!"

ಅಷ್ಟು ದೊಡ್ಡ ದನಿ ತನ್ನದೇ ಎಂದು ಮೂಗೇಶಣ್ಣನಿಗೆ ಆಮೇಲೆ ಗೊತ್ತಾಯಿತು.

"ನನಗೆ ಮೂಗಿಲ್ಲ," ಎಂದ. "ಆ ಜ್ವರ ಬಂದಾಗಲೇ ಹೋಯ್ತು. ಒಂದು ವಾಸನೇನೂ ಗೊತ್ತಾಗಲ್ಲ. ಇಷ್ಟು ದಿನ ಬೆರಳು ಅದ್ದಿ ನೆಕ್ಕಿ ನೋಡ್ತಿದ್ದೆ. ಈ ಪೆಟ್ಟಿಗೆ ಬಂದ್ಮೇಲೆ ಅವಳ ಮುಖ ನೋಡಿ ಬಿಲ್ಲೆ ಹಾಕ್ತಿದ್ದೆ. ನಿನ್ನೆ ಟ್ಯಾಂಕು ಒಡೆದದ್ದು ನನ್ನಿಂದ, ಅವಳಿಂದಲ್ಲ."

ಸುರಿಯುವವನು ಕ್ಯಾನನ್ನು ನೆಟ್ಟಗೆ ಇಟ್ಟ. ಆಮೇಲೆ ಸೂಪರ್‌ವೈಸರು ಕೈ ಕೊಡವಿದ. "ಇದೂ ನಾಟಕ. ಅವಳನ್ನ ಉಳಿಸೋಕೆ ಏನು ಬೇಕಾದ್ರೂ ಹೇಳ್ತಾರೆ."

ಮೂಗೇಶಣ್ಣ ಮೂಲೆಗೆ ನಡೆದು, ನಿನ್ನೆಯ ಒಡೆದ ಹಾಲು ತುಂಬಿಟ್ಟಿದ್ದ ಕ್ಯಾನಿನ ಮುಚ್ಚಳವನ್ನು ಗುದ್ದಿ ತೆಗೆದ. ಒಂದು ಹಗಲು, ಒಂದು ರಾತ್ರಿ ಬಿಸಿಯಲ್ಲಿ ಕೊಳೆತ ಹಾಲು. ಡ್ರೈವರು "ಥೂ!" ಎಂದು ಲಾರಿಯ ಹಿಂದೆ ಓಡಿದ. ಮ್ಯಾನೇಜರಮ್ಮ ಮೂಗು ಮುಚ್ಚಿಕೊಂಡಳು. ಸುರಿಯುವವನಿಗೆ ಓಕರಿಕೆ ಬಂತು. ಮೂಗೇಶಣ್ಣ ಮೊಣಕಾಲೂರಿ, ಎರಡೂ ಕೈಯಿಂದ ಕ್ಯಾನಿನ ಬಾಯಿ ಹಿಡಿದು, ಮುಖವನ್ನು ಒಳಕ್ಕೆ ತೂರಿಸಿ, ಎದೆ ತುಂಬ ಉಸಿರು ಎಳೆದುಕೊಂಡ. ಬಿಟ್ಟ. ಮತ್ತೆ ಎಳೆದುಕೊಂಡ. ಬೆಳಗಿನ ತಂಗಾಳಿ ಕುಡಿಯುವವನಂತೆ ಮತ್ತೆ ಮತ್ತೆ ಎಳೆದುಕೊಂಡ. ಏನೂ ಇರಲಿಲ್ಲ. ಒಂದು ಎಳೆ ದುರ್ವಾಸನೆಯಾದರೂ ಬರಲಿ ಎಂದು ಅವನು ಆ ಕ್ಷಣದಲ್ಲೂ ಬೇಡಿಕೊಳ್ಳುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಭಾವ, ಸಾಕು," ಎಂದು ಯಾರೋ ತೋಳು ಹಿಡಿದು ಎಳೆದರು. ಪುಟ್ಟಕ್ಕ. ಇಷ್ಟು ವರ್ಷದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು. "ಸಾಕು, ಏಳಿ ಭಾವ."

ಅವನು ಎದ್ದು ಮೀಸೆ ಒರೆಸಿಕೊಂಡ. ಸೂಪರ್‌ವೈಸರು ಹಿಂದಕ್ಕೆ ಸರಿದು ಮತ್ತೆ ಕಂಬಕ್ಕೆ ಒರಗಿದ. ಮ್ಯಾನೇಜರಮ್ಮ ಅವನ ಹತ್ತಿರ ಬಂದಳು. ಅವಳ ಕಣ್ಣಿನಲ್ಲಿ ಸಿಟ್ಟೂ ಇತ್ತು, ಇನ್ನೇನೋ ಇತ್ತು.

"ಮೊದಲೇ ಹೇಳ್ಬಹುದಿತ್ತಲ್ಲ ನೀವು?"

"ಹೇಳಿದ್ರೆ ಮನೆಗೆ ಕಳಿಸ್ತಿರಲಿಲ್ವಾ?"

ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಬಹುಶಃ ಪ್ರಾಮಾಣಿಕಳಾಗಿದ್ದುದರಿಂದಲೇ ಕೊಡಲಿಲ್ಲ. ಆ ಓರೆಯಾದ ಕ್ಯಾನನ್ನು ಪಕ್ಕಕ್ಕಿಡಿಸಿದಳು. ಪೆಟ್ಟಿಗೆಯ ನಡುವಿನ ಹಲಗೆ ಸಾಲದು, ಮೂಸುವವರಿಬ್ಬರ ನಡುವೆ ಮುಖ ಕಾಣದ ಹಾಗೆ ದೊಡ್ಡ ಹಲಗೆ ಬೇಕು ಎಂದು ಬಡಗಿಗೆ ಹೇಳಿಕಳಿಸಿದಳು. ಶೆಡ್ಡಿನಿಂದ ಇನ್ನೊಬ್ಬ ಹೆಂಗಸನ್ನು ಪುಟ್ಟಕ್ಕನ ಜೋಡಿಗೆ ಕರೆಸಿದಳು. ಕೊನೆಗೆ ಮೂಗೇಶಣ್ಣನ ಕಡೆ ನೋಡಿ, "ಜೋಡಿ ಅಂದ್ರೆ ಜೋಡಿ. ಅವರ ಕೆಲಸ ನೀವು ಕಲೀಬೇಕು ಅಂತ ಇತ್ತಲ್ಲ, ಒಂದು ದಿನಾನೂ ಆ ಕಡೆ ಹೋಗಿಲ್ಲ ನೀವು. ಹೋಗಿ. ಉಳಿದದ್ದು ನಾಳೆ ಮಾತಾಡೋಣ," ಎಂದಳು.

ಅವನು ಶೆಡ್ಡಿಗೆ ಹೋದ. ಯಾರೋ ಬ್ರಷ್ಷು ಕೊಟ್ಟರು, ಯಾರೋ ಹಬೆಯಾಡುವ ನೀರಿನ ಕಡೆ ಕೈ ತೋರಿಸಿದರು. ಸೋಡಾದ ಘಾಟಿಗೆ ಅಲ್ಲಿನ ಹೆಂಗಸರು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ಅವನಿಗೆ ಅದರ ಅಗತ್ಯವಿರಲಿಲ್ಲ. ಮೊದಲನೆಯ ಕ್ಯಾನಿಗೇ ಬೆರಳ ಸಂದು ಉರಿಯತೊಡಗಿತು. ಇದನ್ನು ಅವಳು ಎಷ್ಟು ವರ್ಷ ಮಾಡಿದಳು, ಒಂದೇ ಮನೆಯಲ್ಲಿದ್ದೂ ನಾನು ಒಂದು ದಿನ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೆಸರು ಹೋಯಿತು, ನಾಳೆಯಿಂದ ಇವರು ತನ್ನನ್ನು ಏನೆಂದು ಕರೆಯುತ್ತಾರೋ. ಆದರೆ ಜ್ವರ ಬಿಟ್ಟಾಗಿನಿಂದ ಮೊದಲ ಸಲ, ಯಾರು ನೋಡುತ್ತಿದ್ದಾರೆ ಎಂದು ತಿರುಗಿ ನೋಡದೆ ಅವನು ಕೆಲಸ ಮಾಡುತ್ತಿದ್ದ.

ಕಟ್ಟೆಯ ಕಡೆಯಿಂದ ಡ್ರೈವರು ಏನೋ ಜಗಳ ತೆಗೆದ ಸದ್ದು ಕೇಳಿತು. ಮೂಗೇಶಣ್ಣನ ಕೈ ನಿಂತಿತು. ಈಗ ಅವಳು ಸೋಲುತ್ತಾಳೆ, "ಹೌದಣ್ಣ" ಎಂದುಬಿಡುತ್ತಾಳೆ ಎಂದುಕೊಂಡು ಅವನು ಆ ಕಡೆ ಕಿವಿಗೊಟ್ಟ. ಅಷ್ಟರಲ್ಲಿ ಕ್ಯಾನುಗಳ ಗದ್ದಲ, ಹಬೆಯ ಸದ್ದು ಎಲ್ಲವನ್ನೂ ದಾಟಿಕೊಂಡು ಒಂದು ದನಿ ಬಂತು. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಅವನು ಒಮ್ಮೆಯೂ ಕೇಳಿರದ, ಪುಟ್ಟಕ್ಕನ ಗಟ್ಟಿ ದನಿ.

"ಕೆಟ್ಟಿದೆ ಅಂದೆನಲ್ಲ? ಎತ್ತಿ ಪಕ್ಕಕ್ಕಿಡಿ! ಮುಂದಿನ ಕ್ಯಾನು ತನ್ನಿ."